ಹದಿನಾರನೇ ದಿನದಿಂದ ಖರ್ಚು ಯಾರದು?

ನಮ್ಮ ಕಾಕನ ಮಗ ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾನೆ. ಮೂರು ವರ್ಷದ ಹಿಂದೆ ತೊಗರಿ ರಾಶಿ ಮುಗಿಸಿ, ಚೀಲ ಹೇರಿದ ಟ್ರ್ಯಾಕ್ಟರ್ ಮೇಲಿಂದ ಇಳಿಯುವಾಗ ಕಾಲು ಜಾರಿ ಬೆನ್ನ ಮೇಲೆ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ, ಕಾಲು ಅಲ್ಲಾಡುವುದಿಲ್ಲ, ಮೂತ್ರ ತುಂಬಿದ್ದೂ ತಿಳಿಯುವುದಿಲ್ಲ. ಆಗ ಅವನಿಗೆ 27 ವರ್ಷ.

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬಿಪಿಎಲ್ ಕಾರ್ಡ್ ಇತ್ತು. ತುರ್ತು ಕೇಸ್ ಆಗಿದ್ದರಿಂದ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರುವ ಓಡಾಟವೂ ಇರಲಿಲ್ಲ. ಸ್ಕ್ಯಾನ್, ರಾಡು, ಸ್ಕ್ರೂ, ಬೆಡ್, ಔಷಧಿ ಎಲ್ಲ ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಯಲ್ಲೇ ಆಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬರೆಯೋದು ದೂರಿನ ಥರ ಕೇಳಿಸಬಹುದು. ಆ ಯೋಜನೆ ಇಲ್ಲದೇ ಹೋಗಿದ್ದರೆ ಕಾಕಾ ಇರುವ ಎರಡು ಎಕರೆ ಹೊಲವನ್ನೂ ಮಾರಬೇಕಾಗುತ್ತಿತ್ತು.

ಮನೆಗೆ ಬಂದು ಎರಡು ತಿಂಗಳಾದ ಮೇಲೆ ಕಾಕಿ ಒಂದು ಮಾತು ಹೇಳಿದಳು. "ದವಾಖಾನ್ಯಾಗ ಇದ್ದಾಗ ಒಂದ್ ರೂಪಾಯಿ ಹತ್ತಿಲ್ಲ ನೋಡ್ ತಮ್ಮಾ. ಮನಿಗಿ ಬಂದ ಮ್ಯಾಲ ದಿನಾ ಹತ್ಲತ್ತದ."

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಸರ್ಕಾರ ವಿಕಲಚೇತನರ ಆರೋಗ್ಯಕ್ಕೆ ಹಾಕುವ ದುಡ್ಡು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ ಅಂತ ಹುಡುಕುತ್ತಾ ಹೋದೆ.

ಮೊದಲು ಆ ಯೋಜನೆಯ ಕಾರ್ಡಿನ ಲೆಕ್ಕ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಅಂತ ಪೂರ್ತಿ ಹೆಸರು. 2018ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಶುರುವಾಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಅದರ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆಗೆ ಗೊತ್ತುಮಾಡಿದ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ಖರ್ಚನ್ನು ಕೇಂದ್ರ 60, ರಾಜ್ಯ 40 ಅಂತ ಹಂಚಿಕೊಳ್ಳುತ್ತವೆ. ಆ ಪಟ್ಟಿಯಲ್ಲಿ ಇಲ್ಲದವರ ಖರ್ಚು ಪೂರ್ತಿ ರಾಜ್ಯದ್ದೇ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನ್ನೋ ಸರ್ಕಾರದ ಸಂಸ್ಥೆ ಆಸ್ಪತ್ರೆಗಳಿಗೆ ದುಡ್ಡು ಕಟ್ಟುತ್ತದೆ.

ನಮ್ಮ ಭಾಗದವರಿಗೆ ಇಂಥ ಯೋಜನೆ ಹೊಸದಲ್ಲ. ಇದಕ್ಕೂ ಮುಂಚಿನ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ಗುಲ್ಬರ್ಗಾ ವಿಭಾಗದಲ್ಲಿ. ಆ ಯೋಜನೆ ಬಂದಿದ್ದ ಹಳ್ಳಿಗಳನ್ನು ಪಕ್ಕದಲ್ಲೇ ಇದ್ದ, ಯೋಜನೆ ಇನ್ನೂ ಬಾರದ ಹಳ್ಳಿಗಳ ಜೊತೆ ಇಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡವರು ಸಾಯುವುದು, ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆ ಇತ್ತು. ಸರ್ಕಾರ ದುಡ್ಡು ಹಾಕಿದರೆ ಜನ ಉಳಿಯುತ್ತಾರೆ, ಇದರಲ್ಲಿ ಅನುಮಾನವೇ ಬೇಡ. ಉಳಿದ ಮೇಲೆ ಹೇಗೆ ಬದುಕಬೇಕು ಅನ್ನೋದಕ್ಕೆ ಆ ಲೆಕ್ಕದಲ್ಲಿ ಜಾಗ ಇಲ್ಲ.

ಯಾಕೆ ಇಲ್ಲ ಅಂದರೆ, ಯೋಜನೆ ದುಡ್ಡು ಕಟ್ಟುವುದು ಪ್ಯಾಕೇಜಿಗೆ. ಬೆನ್ನುಮೂಳೆಗೆ ರಾಡ್ ಹಾಕುವುದು ಒಂದು ಪ್ಯಾಕೇಜ್, ಡಯಾಲಿಸಿಸ್ ಇನ್ನೊಂದು, ಹೀಗೆ ಪ್ರತಿಯೊಂದಕ್ಕೂ ಒಂದು ಕೋಡ್, ಒಂದು ದರ. ಆಯುಷ್ಮಾನ್ ಭಾರತ್ ನಿಯಮದ ಪ್ರಕಾರ, ಅಡ್ಮಿಟ್ ಆಗುವ ಮುಂಚಿನ 3 ದಿನ ಮತ್ತು ಡಿಸ್ಚಾರ್ಜ್ ಆದ ನಂತರದ 15 ದಿನದ ಔಷಧಿ, ತಪಾಸಣೆ ಆ ದರದಲ್ಲೇ ಸೇರಿರುತ್ತದೆ. ಹದಿನಾರನೇ ದಿನ ಆಸ್ಪತ್ರೆಯ ಫೈಲಿನಲ್ಲಿ ಆ ಕೇಸ್ ಮುಗಿದಿರುತ್ತದೆ. ಅಡ್ಮಿಟ್ ಆಗದೆ ಹೋಗಿ ತೋರಿಸಿಕೊಂಡು ಬರೋದು, ತಿಂಗಳು ತಿಂಗಳು ತಗೊಳ್ಳೋ ಮಾತ್ರೆ, ವಾರಕ್ಕೆ ಮೂರು ದಿನದ ಫಿಜಿಯೋಥೆರಪಿ, ಮನೆಯಲ್ಲಿ ಮಾಡುವ ಆರೈಕೆ, ಇವಕ್ಕೆಲ್ಲ ಆ ಕಾರ್ಡ್ ನಡೆಯುವುದಿಲ್ಲ. ಅಪೆಂಡಿಕ್ಸ್‌ಗೆ, ಮುರಿದ ಕೈಗೆ ಈ ಲೆಕ್ಕ ಸರಿಯಾಗುತ್ತದೆ, ಅವಕ್ಕೆ ಒಂದು ಶುರು ಇದೆ, ಒಂದು ಕೊನೆ ಇದೆ. ನಮ್ಮ ಹುಡುಗನಿಗೆ ಎಲ್ಲ ಶುರುವಾದದ್ದೇ ಹದಿನಾರನೇ ದಿನ.

ಅವನ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೂತ್ರಕ್ಕೆ ಪೈಪ್ ಹಾಕಿದೆ, ಅದರ ತುದಿಗೆ ಚೀಲ. ಪೈಪನ್ನು ಮೂರು ವಾರಕ್ಕೊಮ್ಮೆ ಬದಲಿಸಬೇಕು, ಚೀಲವನ್ನು ವಾರಕ್ಕೆ ಒಂದೆರಡು. ಕೈಗವಸು, ಹತ್ತಿ, ಬ್ಯಾಂಡೇಜ್ ಬಟ್ಟೆ, ಜೆಲ್ಲಿ, ಮಲ ಸಡಿಲ ಆಗೋಕೆ ಔಷಧಿ, ಕಾಲು ಸೆಟೆದುಕೊಳ್ಳದ ಹಾಗೆ ಒಂದು ಮಾತ್ರೆ. ಮೂತ್ರದಲ್ಲಿ ಸೋಂಕಾದರೆ ಚಳಿಜ್ವರ ಬರುತ್ತದೆ, ಆಗ ಆಂಟಿಬಯೋಟಿಕ್ ಬೇರೆ. ಎಲ್ಲ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಹೋಗುತ್ತದೆ. ಇದು ಔಷಧಿ ಅಂಗಡಿಯ ಬಿಲ್ಲಷ್ಟೇ. ಕಾಕಿ ಕೂಲಿಗೆ ಹೋಗೋದು ನಿಂತು ಮೂರು ವರ್ಷ ಆಯಿತು, ಯಾಕಂದರೆ ಎರಡು ತಾಸಿಗೊಮ್ಮೆ ಅವನನ್ನು ಮಗ್ಗಲು ತಿರುಗಿಸಬೇಕು. ಹಗಲೂ ತಿರುಗಿಸಬೇಕು, ರಾತ್ರಿಯೂ ತಿರುಗಿಸಬೇಕು.

ಮೊದಲ ವರ್ಷ ನಮಗೆ ಇದರ ಮಹತ್ವ ತಿಳಿದಿರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಬರೆದಿತ್ತು, ಯಾರೂ ಕೂತು ಬಿಡಿಸಿ ಹೇಳಲಿಲ್ಲ. ಒಂದು ದಿನ ಬೆಳಿಗ್ಗೆ ಚಾದರದ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕಲೆ ಕಾಣಿಸಿತು. ತಿರುಗಿಸಿ ನೋಡಿದರೆ ಬಾಲದ ಎಲುಬಿನ ಹತ್ತಿರ ಚರ್ಮ ಕಪ್ಪಾಗಿ ಸುಲಿದಿತ್ತು. ಅವನಿಗೆ ನೋವೇ ಇಲ್ಲ. ನೋವು ಗೊತ್ತಾಗುವಂತಿದ್ದರೆ ಅವನೇ ಹೇಳುತ್ತಿದ್ದ. ತಿಂಗಳೊಳಗೆ ಮುಷ್ಟಿ ಹೋಗುವಷ್ಟು ಆಳದ ಹುಣ್ಣಾಯಿತು. ಮತ್ತೆ ಅಡ್ಮಿಟ್, ಸತ್ತ ಮಾಂಸ ತೆಗೆದು ಪಕ್ಕದ ಚರ್ಮ ಎಳೆದು ಮುಚ್ಚುವ ಆಪರೇಷನ್, 22 ದಿನ ಆಸ್ಪತ್ರೆ. ಅದಕ್ಕೆ ಕಾರ್ಡ್ ನಡೆಯಿತು. ಅದಕ್ಕೆ ಪ್ಯಾಕೇಜ್ ಇದೆ.

ಗಾಳಿ ತುಂಬುವ ಹಾಸಿಗೆ ಅಂತ ಒಂದು ಬರುತ್ತದೆ. ಸಣ್ಣ ಮೋಟರ್ ಇರುತ್ತದೆ, ಅದು ಸಾಲು ಬಿಟ್ಟು ಸಾಲಿಗೆ ಗಾಳಿ ತುಂಬುತ್ತಾ ಬಿಡುತ್ತಾ ಇರುತ್ತದೆ, ಹಾಗಾಗಿ ಮೈಯ ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ನಾವು ಕೊಂಡಾಗ ಮೂರು ಸಾವಿರದ ಆಸುಪಾಸು ಇತ್ತು. ಇದನ್ನು ಮೊದಲ ಡಿಸ್ಚಾರ್ಜ್ ದಿನವೇ ಕೊಟ್ಟು, ತಿರುಗಿಸುವುದು ಹೇಗೆ ಅಂತ ಕಾಕಿಗೆ ಒಂದು ತಾಸು ತೋರಿಸಿಕೊಟ್ಟಿದ್ದರೆ ಆ ಹುಣ್ಣು ಬಹುಶಃ ಆಗುತ್ತಲೇ ಇರಲಿಲ್ಲ. ಸರ್ಕಾರಕ್ಕೂ ಎರಡನೇ ಆಪರೇಷನ್ ಖರ್ಚು ಉಳಿಯುತ್ತಿತ್ತು. ಹಾಸಿಗೆ, ವೀಲ್‌ಚೇರ್ ಇವೆಲ್ಲ ಸಾಧನ ಸಲಕರಣೆ ಅಂತ ಬೇರೆ ಇಲಾಖೆಯ ಲೆಕ್ಕ. ಅದಕ್ಕೆ ಬೇರೆ ಅರ್ಜಿ, ಬೇರೆ ಪಟ್ಟಿ, ಬೇರೆ ಶಿಬಿರ. ಹುಣ್ಣು ಶಿಬಿರದವರೆಗೆ ಕಾಯುವುದಿಲ್ಲ.

ಮೂತ್ರದ್ದೂ ಇದೇ ಕಥೆ. ಪೈಪ್ ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಸೋಂಕು ಮೇಲೇರುತ್ತದೆ, ಮೂತ್ರ ಹಿಂದಕ್ಕೆ ಹೋಗಿ ಕಿಡ್ನಿ ಕೆಡುತ್ತದೆ. ಬೆನ್ನುಹುರಿ ಪೆಟ್ಟಾದವರಲ್ಲಿ ಕಿಡ್ನಿ ಕೆಡುವುದು ದೊಡ್ಡ ಅಪಾಯ ಅಂತ ಡಾಕ್ಟರುಗಳೇ ಹೇಳುತ್ತಾರೆ. ಕಿಡ್ನಿ ಕೆಟ್ಟರೆ ಡಯಾಲಿಸಿಸ್ ಉಚಿತ. ಕಿಡ್ನಿ ಉಳಿಸುವ ಪೈಪ್ ಮಾತ್ರ ಕೈಯಿಂದ ದುಡ್ಡು ಕೊಟ್ಟು ತರಬೇಕು.

ನನ್ನ ಇಡೀ ತಕರಾರು ಇಷ್ಟೇ. ದುಡ್ಡು ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೈ ಕೆಟ್ಟು ಆಸ್ಪತ್ರೆ ಸೇರಿದ ಮೇಲೆ ಸಿಗುವ ಹಾಗೆ ದುಡ್ಡನ್ನು ಕಟ್ಟಿಟ್ಟಿದ್ದಾರೆ, ಕೆಡದ ಹಾಗೆ ಕಾಯೋದಕ್ಕೆ ಬಿಡಿಸಿಲ್ಲ. ಆರೋಗ್ಯವಂತ ಮನುಷ್ಯನಿಗೆ ಆಸ್ಪತ್ರೆ ಅಂದರೆ ಅಪರೂಪದ ಸಂಗತಿ, ಅವನಿಗೆ 5 ಲಕ್ಷದ ಕಾರ್ಡ್ ಧೈರ್ಯ ಕೊಡುತ್ತದೆ. ವಿಕಲಚೇತನರಲ್ಲಿ ಬಹಳ ಜನರ ಆರೋಗ್ಯದ ಖರ್ಚು ದಿನಸಿ ಖರ್ಚಿನ ಥರ, ತಿಂಗಳು ತಿಂಗಳು ಸಣ್ಣ ಸಣ್ಣದಾಗಿ ಬರುತ್ತದೆ. ಆ 5 ಲಕ್ಷದಲ್ಲಿ ವರ್ಷಕ್ಕೆ ಐವತ್ತು ಸಾವಿರ ಈ ಕಡೆ ತಿರುಗಿಸಿ ಅಂದರೆ, ಅದಕ್ಕೆ ಕೋಡ್ ಇಲ್ಲ.

ಥಲಸ್ಸೇಮಿಯಾ ಇರುವ ಮಗುವನ್ನೇ ತಗೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ವೈಕಲ್ಯಗಳು 7ರಿಂದ 21 ಆದಾಗ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಈ ಮೂರು ರಕ್ತದ ಕಾಯಿಲೆಗಳೂ ಸೇರಿದವು. ಆ ಮಗುವಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ರಕ್ತ ಹಾಕಿಸಬೇಕು. ರಕ್ತ ಹಾಕುತ್ತಾ ಹೋದಂತೆ ಮೈಯಲ್ಲಿ ಕಬ್ಬಿಣ ಜಮಾ ಆಗುತ್ತದೆ, ಅದನ್ನು ತೆಗೆಯೋಕೆ ದಿನಾ ಮಾತ್ರೆ. ಮಾತ್ರೆ ತಪ್ಪಿದರೆ ಹೃದಯ, ಲಿವರ್ ಹಾಳು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಮಗು ಅದು, ಎಷ್ಟೋ ಸಲ ಅಡ್ಮಿಟ್ ಕೂಡ ಆಗುವುದಿಲ್ಲ. ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಕೂರಿಸುವ ಸಾಧನ, ಕಾಕ್ಲಿಯರ್ ಇಂಪ್ಲಾಂಟ್, ಹಾಕಿಸಿಕೊಂಡ ಮಕ್ಕಳದ್ದೂ ಹಾಗೆಯೇ. ಲಕ್ಷಗಟ್ಟಲೆಯ ಆಪರೇಷನ್ ಸರ್ಕಾರ ಮಾಡಿಸುತ್ತದೆ, ಒಳ್ಳೆಯ ಕೆಲಸ. ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಕೊಡಿಸದಿದ್ದರೆ ಮಗುವಿಗೆ ಶಬ್ದ ಕೇಳುತ್ತದೆ, ಅರ್ಥ ಆಗುವುದಿಲ್ಲ.

ಇದು ಕೇಂದ್ರದ ಕೆಲಸವೋ ರಾಜ್ಯದ್ದೋ ಅಂತ ಕೆಲವರು ಕೇಳುತ್ತಾರೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿ ತೆಗೆದು ನೋಡಿ. ಆರನೇ ನಮೂದು ಸಾರ್ವಜನಿಕ ಆರೋಗ್ಯ, ಆಸ್ಪತ್ರೆ. ಒಂಬತ್ತನೇ ನಮೂದು ಅಂಗವಿಕಲರಿಗೆ, ದುಡಿಯಲಾಗದವರಿಗೆ ನೆರವು. ಎರಡೂ ರಾಜ್ಯದ ಪಟ್ಟಿಯಲ್ಲೇ ಇವೆ. ಕೇಂದ್ರ ಪಾಲು ಕೊಡಬಹುದು, ಕೊಡಲೂಬೇಕು. ಆದರೆ ಮೊದಲ ಹೊಣೆ ಬೆಂಗಳೂರಿನದು. ಅಲ್ಲಿ ಆರೋಗ್ಯ ಒಂದು ಇಲಾಖೆ, ವಿಕಲಚೇತನರ ಸಬಲೀಕರಣ ಇನ್ನೊಂದು ಇಲಾಖೆ. ಆರೋಗ್ಯ ಇಲಾಖೆಗೆ ನಮ್ಮ ಹುಡುಗ ಮುಗಿದ ಕೇಸ್, ಇನ್ನೊಂದು ಇಲಾಖೆಗೆ ಅವನು ಒಬ್ಬ ಫಲಾನುಭವಿ. ಅವನ ಪೈಪು, ಹಾಸಿಗೆ, ಫಿಜಿಯೋಥೆರಪಿ ಎರಡರ ನಡುವೆ ಬಿದ್ದಿವೆ.

ಕಾನೂನು ಮಾತ್ರ ಸ್ಪಷ್ಟವಾಗಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 25ನೇ ಸೆಕ್ಷನ್, ಸರ್ಕಾರ ನಿಗದಿ ಮಾಡಿದ ಆದಾಯ ಮಿತಿಯೊಳಗಿನವರಿಗೆ ವಾಸದ ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ ಸಿಗಬೇಕು, ಅದರಲ್ಲೂ ಹಳ್ಳಿಗಳಲ್ಲಿ, ಅನ್ನುತ್ತದೆ. 24ನೇ ಸೆಕ್ಷನ್ನಿನಲ್ಲಿ ಉಚಿತ ಸಾಧನ, ಔಷಧಿ, ಪರೀಕ್ಷೆಗಳ ಮಾತಿದೆ, ಬೇರೆ ಯಾವ ಸರ್ಕಾರಿ ವಿಮೆಯಲ್ಲೂ ಸೇರದವರಿಗೆ ಸಮಗ್ರ ವಿಮೆಯ ಮಾತೂ ಇದೆ. "ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ" ಅನ್ನುವ ಮಾತನ್ನೂ ಸೇರಿಸಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ಮೊತ್ತ, ಅಂಥದ್ದೇ ಯೋಜನೆಯಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25 ಜಾಸ್ತಿ ಇರಬೇಕು.

ಈಗ ನಮ್ಮ ಕಡೆ ಪಗಾರ ಅಂತ ಕರೆಯುವ ಮಾಸಾಶನ ನೋಡಿ. ಶೇ 40ರಿಂದ 74 ವೈಕಲ್ಯ ಇದ್ದವರಿಗೆ ತಿಂಗಳಿಗೆ 800 ರೂಪಾಯಿ. ಶೇ 75 ದಾಟಿದವರಿಗೆ 1,400. ಸಂಧ್ಯಾ ಸುರಕ್ಷಾದಲ್ಲಿ ವಯಸ್ಸಾದವರಿಗೆ 1,200. ವಯಸ್ಸಾದವರಿಗೆ ಜಾಸ್ತಿ ಆಯಿತು ಅಂತ ನನ್ನ ಅರ್ಥ ಅಲ್ಲ, ಅವರಿಗೂ ಅದು ಸಾಲದು. 1,200ರ ಮೇಲೆ ಶೇ 25 ಸೇರಿಸಿದರೆ 1,500 ಆಗುತ್ತದೆ. ನಮ್ಮ ಹುಡುಗನಿಗೆ ಬರುವ 1,400 ಕೂಡ ಅದಕ್ಕಿಂತ ಕಡಿಮೆ, 800ರವರ ಮಾತು ಬಿಡಿ. ಕೇಂದ್ರದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಯಂತೂ ಶೇ 80 ವೈಕಲ್ಯ ಇರುವ ಬಿಪಿಎಲ್‌ನವರಿಗೆ 300 ರೂಪಾಯಿ, 2012ರಿಂದ ಅಷ್ಟೇ ಇದೆ. ಆ 1,400ರಲ್ಲಿ ಅವನ ಪೈಪು, ಚೀಲ, ಮಾತ್ರೆ ಹತ್ತು ದಿನಕ್ಕೆ ಸಾಕಾಗುತ್ತದೆ.

ವಿಮೆ ಕೊಡುವ ಪ್ರಯತ್ನವೇ ಆಗಿಲ್ಲ ಅಂತೇನಿಲ್ಲ. 2015ರಲ್ಲಿ ಕೇಂದ್ರ ಸ್ವಾವಲಂಬನ್ ಅಂತ ವಿಕಲಚೇತನರಿಗೇ ಒಂದು ಆರೋಗ್ಯ ವಿಮೆ ತಂದಿತ್ತು, 2 ಲಕ್ಷದವರೆಗೆ, ಪ್ರೀಮಿಯಂನ ಶೇ 90 ಸರ್ಕಾರವೇ ಕಟ್ಟುತ್ತಿತ್ತು. ಕೆಲವೇ ವರ್ಷಕ್ಕೆ ನಿಂತುಹೋಯಿತು. ಖಾಸಗಿ ಕಂಪನಿಗಳಂತೂ ಬೆನ್ನುಹುರಿ ಅಂದ ಕೂಡಲೇ ಫಾರಂ ವಾಪಸ್ ಕೊಡುತ್ತಿದ್ದವು. ಹಾಗೆ ವಾಪಸ್ ಕಳಿಸಿಕೊಂಡ ಒಬ್ಬರು ದಿಲ್ಲಿ ಹೈಕೋರ್ಟಿಗೆ ಹೋದರು. 2022ರ ಡಿಸೆಂಬರ್‌ನಲ್ಲಿ ಕೋರ್ಟ್ ವಿಕಲಚೇತನರಿಗೆ ಪಾಲಿಸಿ ತಯಾರು ಮಾಡಿ ಅಂತ ಹೇಳಿತು, ಮುಂದಿನ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಅದನ್ನೇ ಬರೆಯಿತು. ಪ್ರೀಮಿಯಂ ಕಟ್ಟಬಲ್ಲವರಿಗೆ ಇದರಿಂದ ದಾರಿ ಆಯಿತು. ಎರಡು ಎಕರೆ ಒಣ ಹೊಲದವರಿಗೆ ಅಲ್ಲ.

ಎಲ್ಲಕ್ಕಿಂತ ನನಗೆ ಸರಿ ಅನ್ನಿಸಿದ್ದು ನಿರಾಮಯ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ ಇದು. ವರ್ಷಕ್ಕೆ 1 ಲಕ್ಷ ರೂಪಾಯಿ ಅಷ್ಟೇ, ಆದರೆ ಅದರಲ್ಲಿ ಅಡ್ಮಿಟ್ ಆಗದೆ ತೋರಿಸಿಕೊಂಡದ್ದು, ಔಷಧಿ, ಥೆರಪಿ, ಆಸ್ಪತ್ರೆಗೆ ಓಡಾಡಿದ ಖರ್ಚಿನ ಒಂದು ಪಾಲು ಎಲ್ಲ ಸೇರಿದೆ. ವೈಕಲ್ಯ ಇರುವವರ ಮನೆಯಲ್ಲಿ ದುಡ್ಡು ಹೇಗೆ ಖರ್ಚಾಗುತ್ತದೆ ಅಂತ ಗೊತ್ತಿದ್ದವರು ಮಾಡಿದ ಯೋಜನೆ ಅಂತ ಓದಿದ ಕೂಡಲೇ ಅನ್ನಿಸುತ್ತದೆ. ಆದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಉಳಿದ 17ಕ್ಕೆ ಇಲ್ಲ. ಇನ್ನೊಂದು ತೊಡಕು, ಮೊದಲು ಕೈಯಿಂದ ಕೊಟ್ಟು ಆಮೇಲೆ ಬಿಲ್ ಕಳಿಸಬೇಕು. ಕೈಯಲ್ಲಿ ಇದ್ದರೆ ತಾನೇ ಕೊಡೋದು.

ದೂರದ ಮಾತು ಹೇಳದಿದ್ದರೆ ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯ ಕಥೆ ಪೂರ್ತಿ ಆಗುವುದಿಲ್ಲ. ಈಗ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜ್ ಇದೆ, ಜಿಮ್ಸ್, ಬ್ರಿಮ್ಸ್, ಯಿಮ್ಸ್. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆಯೂ ಆಯಿತು. ಆದರೂ ಔರಾದ್‌ನವರು ಹೈದರಾಬಾದಿಗೆ, ಅಫಜಲಪುರ, ಆಳಂದದವರು ಸೊಲ್ಲಾಪುರಕ್ಕೆ ಹೋಗುವುದು ನಿಂತಿಲ್ಲ. ವಿಕಲಚೇತನರಿಗೆ ವರ್ಷಕ್ಕೆ 660 ರೂಪಾಯಿಯ ಬಸ್ ಪಾಸ್ ಇದೆ, 100 ಕಿಲೋಮೀಟರ್‌ವರೆಗೆ. ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಜೊತೆಗೆ ಹೋಗುವ ತಾಯಿಗೋ ಹೆಂಡತಿಗೋ ಟಿಕೆಟ್ ದುಡ್ಡಿಲ್ಲ. ಇವು ಕೋಲು ಹಿಡಿದು ನಡೆಯುವವರಿಗೆ ನಿಜಕ್ಕೂ ದೊಡ್ಡ ಉಪಕಾರ. ಸೊಂಟದ ಕೆಳಗೆ ಶಕ್ತಿ ಇಲ್ಲದವನನ್ನು ಆ ಬಸ್ಸಿನ ಮೂರು ಮೆಟ್ಟಿಲು ಹತ್ತಿಸೋದು ಹೇಗೆ? ಅವನಿಗೆ ಟಂಟಂ ಆಟೋ ಬೇಕು, ಎತ್ತಿ ಕೂರಿಸೋಕೆ ಇಬ್ಬರು ಗಂಡಾಳು ಬೇಕು, ಆ ಇಬ್ಬರದೂ ಆ ದಿನದ ಕೂಲಿ ಹೋಗುತ್ತದೆ.

ಇನ್ನು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಅದಿಲ್ಲದೆ ಪಗಾರ ಇಲ್ಲ, ಪಾಸ್ ಇಲ್ಲ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ವಿಕಲಚೇತನರಲ್ಲಿ ವೈಕಲ್ಯದ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ. ಅಂದರೆ ನಾನು ಮೇಲೆ ಹೇಳಿದ ಕಡಿಮೆ ದುಡ್ಡು ಕೂಡ ಹತ್ತರಲ್ಲಿ ಏಳು ಜನರಿಗೆ ಬಾಗಿಲಾಚೆ ಇತ್ತು.

ಹಾಗಾದರೆ ಏನು ಮಾಡಬಹುದು? 5 ಲಕ್ಷವನ್ನು 10 ಲಕ್ಷ ಮಾಡುವುದು ನನ್ನ ಬೇಡಿಕೆ ಅಲ್ಲ, ಅದರಿಂದ ನಮ್ಮ ಮನೆಯ ಹದಿನಾರನೇ ದಿನ ಬದಲಾಗುವುದಿಲ್ಲ. ನಿರಾಮಯದ ಮಾದರಿಯಲ್ಲೇ ರಾಜ್ಯ ಒಂದು ಸಣ್ಣ ಮೊತ್ತವನ್ನು ಉಳಿದ 17 ವೈಕಲ್ಯದವರಿಗೂ ಕೊಡಲಿ, ಬಿಲ್ ಕಳಿಸುವ ಕಾಟ ಇಲ್ಲದೆ, ಯುಡಿಐಡಿ ತೋರಿಸಿದರೆ ತಾಲೂಕು ಆಸ್ಪತ್ರೆಯಲ್ಲೇ ಪೈಪು, ಚೀಲ, ಮಾತ್ರೆ ಸಿಗುವ ಹಾಗೆ. ಆದಾಯ ನೋಡದೆ ವಯಸ್ಸನ್ನಷ್ಟೇ ನೋಡಿ 70 ದಾಟಿದವರಿಗೆಲ್ಲ ಆಯುಷ್ಮಾನ್ ಕೊಡುವುದಾಗಿ ಕೇಂದ್ರ 2024ರಲ್ಲಿ ಹೇಳಿತು. ವಯಸ್ಸಿಗೆ ಹಾಗೆ ಮಾಡಲು ಬರುತ್ತದೆ ಅಂದರೆ ವೈಕಲ್ಯಕ್ಕೂ ಬರುತ್ತದೆ.

ಮನೆ ಆರೈಕೆಗೆ ಕೇರಳ ಕಣ್ಣೆದುರೇ ಇದೆ. ಅಲ್ಲಿ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಗೆ, ಒಂದು ನೀತಿ ಮಾಡಿದರು. ಪಂಚಾಯಿತಿಗಳು ನರ್ಸನ್ನು ಇಟ್ಟುಕೊಂಡು ಹಾಸಿಗೆ ಹಿಡಿದವರ ಮನೆಗೇ ಕಳಿಸುತ್ತವೆ. ಆ ನರ್ಸ್ ಪೈಪ್ ಬದಲಿಸುತ್ತಾರೆ, ಹುಣ್ಣು ನೋಡುತ್ತಾರೆ, ಮನೆಯವರಿಗೆ ಕಲಿಸುತ್ತಾರೆ. ನಮ್ಮಲ್ಲೂ ಅರ್ಧ ದಾರಿ ಆಗಿದೆ. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರೂ ವಿಕಲಚೇತನರೇ, ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಬಾಯಿಪಾಠ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ 5 ವಿಕಲಚೇತನರಿಗೆ ಇಡಬೇಕು ಅಂತಲೂ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರೇ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಮನೋವೈದ್ಯರು ಬರಬಹುದಾದರೆ ಫಿಜಿಯೋಥೆರಪಿಸ್ಟ್, ಮಾತಿನ ತರಬೇತಿ ಕೊಡುವವರು ಯಾಕೆ ಬರಬಾರದು? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಹೇಳುವವರೆಗೂ ಬಂದಿದ್ದೇವೆ. ಅದರಲ್ಲಿ ಕಟ್ಟಡ ಬೇಡ ಅನ್ನೋದಿಲ್ಲ. ಮೂರು ಜಿಲ್ಲೆಯ ತಾಲೂಕಿಗೆ ಒಂದೊಂದು ವಾಹನ, ಇಬ್ಬರು ನರ್ಸ್, ಒಬ್ಬ ಫಿಜಿಯೋಥೆರಪಿಸ್ಟ್, ಇಷ್ಟಕ್ಕೆ ಆ ಮೊತ್ತದಲ್ಲಿ ಎಷ್ಟು ಹೋದೀತು? ವಾಜಪೇಯಿ ಆರೋಗ್ಯಶ್ರೀಯನ್ನು ಮೊದಲು ಇಲ್ಲೇ ಮಾಡಿ ನೋಡಿದ ಹಾಗೆ ಇದನ್ನೂ ಇಲ್ಲಿಂದಲೇ ಶುರು ಮಾಡಲಿ.

ನಾಳೆ ಸೋಮವಾರ, ಪೈಪ್ ಬದಲಿಸುವ ದಿನ. ಕಳೆದ ಸಲ ಆಸ್ಪತ್ರೆಗೆ ಹೋದಾಗ ಅವನಿಗೆ ಬೇಕಾದ ಅಳತೆಯ ಪೈಪ್ ಇಲ್ಲ, ಹೊರಗಿಂದ ತನ್ನಿ ಅಂದರು, ಅದಕ್ಕೆ ಈ ಸಲ ನಾನು ಕಲಬುರಗಿಯಿಂದಲೇ ಎರಡು ತಗೊಂಡು ಹೊರಟಿದ್ದೇನೆ. ಟಂಟಂದವನಿಗೆ ಏಳು ಗಂಟೆಗೆ ಬಾ ಅಂತ ಕಾಕಾ ಹೇಳಿದ್ದಾನೆ. ಎತ್ತಿ ಕೂರಿಸೋಕೆ ನಾನೊಬ್ಬ ಇದ್ದೇನೆ, ಇನ್ನೊಬ್ಬ ಸಿಗಬೇಕು.